ಮೊದಲ ಬೈಕು: ಸಿಸಿ ಆಮೇಲೆ ನೋಡೋಣ, ದಿನದ ದಾರಿ ಯಾವುದು ಹೇಳಿ

ಪಿಯುಸಿ ಮುಗಿದು ಕಾಲೇಜಿಗೆ ಸೀಟು ಸಿಕ್ಕಿದ ಕೂಡಲೇ, ಇಲ್ಲವೇ ಹರಿಹರದ ಕಡೆ ಒಂದು ಕೆಲಸ ಸಿಕ್ಕಿದ ಕೂಡಲೇ ಮನೆಯಲ್ಲಿ ಬೈಕಿನ ಮಾತು ಶುರುವಾಗುತ್ತದೆ. ಅಪ್ಪ ಮೈಲೇಜು ಎಷ್ಟು ಅಂತಾರೆ. ಮಗ ಎಷ್ಟು ಸಿಸಿ, ಅಂದರೆ ಇಂಜಿನ್ ಎಷ್ಟು ದೊಡ್ಡದು ಅಂತಾನೆ. ಅಮ್ಮ ಬೇಡವೇ ಬೇಡ ಅಂತಾರೆ. ಶೋರೂಮಿನವರಿಗೆ ಕಂತು ಎಷ್ಟು ತಿಂಗಳದ್ದು ಅನ್ನೋದೇ ಮುಖ್ಯ. "ದಿನಾ ಯಾವ ರಸ್ತೇಲಿ ಓಡಾಡ್ತೀಯಪ್ಪಾ?" ಅಂತ ಕೇಳುವವರು ನಿಮ್ಮ ಓಣಿಯ ಗ್ಯಾರೇಜಿನ ಮೇಸ್ತ್ರಿ ಒಬ್ಬರೇ ಇರಬಹುದು. ಕೇಳಬೇಕಾದ ಪ್ರಶ್ನೆ ಅದೇ. ಈ ಲೇಖನ ದಾವಣಗೆರೆಯಲ್ಲಿ ಮೊದಲ ಸಲ ಗೇರ್ ಗಾಡಿ ಕೊಳ್ಳುವ ಹುಡುಗರಿಗೆ, ಹುಡುಗಿಯರಿಗೆ, ನಲವತ್ತಾದ ಮೇಲೆ ಕಲಿಯುತ್ತಿರುವವರಿಗೂ.

1. ಲೈಸೆನ್ಸು ಮೊದಲು, ಗಾಡಿ ಆಮೇಲೆ

ಗೇರ್ ಇರುವ ಬೈಕಿಗೆ 18 ವರ್ಷ ತುಂಬಿರಲೇಬೇಕು. ಮೊದಲು ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸು ಮಾಡಿಸಬೇಕು. ಸರ್ಕಾರದ ಸಾರಥಿ ವೆಬ್‌ಸೈಟಿನಲ್ಲಿ ಅರ್ಜಿ ಹಾಕಬಹುದು. ಎಲ್‌ಎಲ್ 6 ತಿಂಗಳು ನಡೆಯುತ್ತದೆ, ಅದು ಸಿಕ್ಕಿ 30 ದಿನ ಆದ ಮೇಲೆ ಡಿಎಲ್ (ಪಕ್ಕಾ ಲೈಸೆನ್ಸು) ಟೆಸ್ಟಿಗೆ ಹೋಗಬಹುದು. ಅಲ್ಲಿಯವರೆಗೆ ಬಿಳಿ ಹಲಗೆಯ ಮೇಲೆ ಕೆಂಪು ಎಲ್ ಬೋರ್ಡು ಕಡ್ಡಾಯ. ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸಿಕೊಳ್ಳುವಂತಿಲ್ಲ.

ಅರ್ಜಿ ತುಂಬುವಾಗ ಒಂದು ವಿಷಯ ಗಮನಿಸಿ. ಗೇರ್ ಇಲ್ಲದ ಗಾಡಿಗೆ ಬೇರೆ ವರ್ಗ, ಗೇರ್ ಇರುವುದಕ್ಕೆ ಬೇರೆ ವರ್ಗ. ಸ್ಕೂಟಿಗೆ ಅಂತ ಲೈಸೆನ್ಸು ಮಾಡಿಸಿದವರು ಅದೇ ಕಾರ್ಡು ಇಟ್ಟುಕೊಂಡು ಬೈಕು ಓಡಿಸಿದರೆ ಲೈಸೆನ್ಸು ಇಲ್ಲದ ಲೆಕ್ಕವೇ. ಲೈಸೆನ್ಸಿಲ್ಲದೆ ಸಿಕ್ಕಿಬಿದ್ದರೆ ಕಾನೂನಿನಲ್ಲಿ 5,000 ರೂಪಾಯಿ ದಂಡ ಇದೆ. ಅಪಘಾತವಾದರಂತೂ ವಿಮೆಯವರು ಮೊದಲು ಹುಡುಕುವುದು ಇಂಥ ಕಾರಣವನ್ನೇ. ಇನ್ನು 18 ತುಂಬದ ಮಗನ ಕೈಗೆ ಕೀ ಕೊಟ್ಟ ಅಪ್ಪನಿಗೆ 25,000 ರೂಪಾಯಿ ದಂಡ, ಜೊತೆಗೆ 3 ವರ್ಷದವರೆಗೆ ಜೈಲು ಆಗಬಹುದು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಬಂದಿದ್ದು ಇದು.

2. ದಾರಿಯನ್ನು ಚೀಟಿಯಲ್ಲಿ ಬರೆಯಿರಿ

ಮನಸ್ಸಿನಲ್ಲಿ ಲೆಕ್ಕ ಹಾಕಬೇಡಿ, ಬರೆಯಿರಿ. ಬೆಳಗ್ಗೆ ಎಲ್ಲಿಂದ ಎಲ್ಲಿಗೆ? ಸಂಜೆ ಯಾವ ಕಡೆಯಿಂದ ವಾಪಸ್ಸು? ಕತ್ತಲಾದ ಮೇಲೆ ಎಷ್ಟು ದೂರ? ಹಿಂದೆ ಯಾರಾದರೂ ಕೂರುತ್ತಾರಾ?

ವಿದ್ಯಾನಗರದಿಂದ ಮಂಡಿಪೇಟೆಗೆ ಹೋಗಿ ಬರುವವರ ಬೈಕು ದಿನದಲ್ಲಿ ಬಹುಪಾಲು ಒಂದು, ಎರಡನೇ ಗೇರಿನಲ್ಲೇ ಇರುತ್ತದೆ. ಗಡಿಯಾರ ಕಂಬದ ಸುತ್ತಮುತ್ತ ಆಟೋ, ತಳ್ಳುಗಾಡಿ, ಚೀಲ ಹೊತ್ತ ಹಮಾಲರ ನಡುವೆ ನುಸುಳಬೇಕು. ಅಲ್ಲಿ ಬೇಕಾಗಿರುವುದು ಹಗುರ ಗಾಡಿ, ಹಗುರ ಕ್ಲಚ್ಚು. ತೋಳಹುಣಸೆಯ ವಿಶ್ವವಿದ್ಯಾಲಯಕ್ಕೆ ಹೋಗುವವರಿಗೆ ಸ್ವಲ್ಪ ತೆರೆದ ರಸ್ತೆ ಸಿಗುತ್ತದೆ, 125 ಸಿಸಿ ಗಾಡಿ ಆರಾಮಾಗಿ ಸಾಕು. ಹರಿಹರ ಸುಮಾರು 14 ಕಿಲೋಮೀಟರು, ದಿನಾ ಹೋಗಿಬರುವುದು ಕಷ್ಟವೇನಲ್ಲ. ಆದರೆ ಲಾರಿ, ಬಸ್ಸುಗಳ ಜೊತೆ ಓಡಬೇಕು. ಚಿತ್ರದುರ್ಗ ಸುಮಾರು 60 ಕಿಲೋಮೀಟರು, ಪೂರ್ತಿ 48ನೇ ರಾಷ್ಟ್ರೀಯ ಹೆದ್ದಾರಿ. ವಾರಕ್ಕೊಮ್ಮೆ ಊರಿಗೆ ಹೋಗಲು ಈ ದಾರಿ ಹಿಡಿಯುವವರ ಲೆಕ್ಕವೇ ಬೇರೆ.

ಜಗಳೂರು, ಚನ್ನಗಿರಿ, ಹೊನ್ನಾಳಿ ಕಡೆಯ ಹಳ್ಳಿಯವರಾದರೆ ಚೀಟಿಯಲ್ಲಿ ಇನ್ನೊಂದು ಸಾಲು ಸೇರಿಸಿ: ಗಾಡಿ ಕೆಟ್ಟರೆ ರಿಪೇರಿ ಎಲ್ಲಿ? ಸ್ಪ್ಲೆಂಡರ್, ಶೈನ್, ಪ್ಲಾಟಿನಾದಂಥ ಗಾಡಿಗಳನ್ನು ಯಾವ ಊರಿನ ಮೇಸ್ತ್ರಿಯಾದರೂ ಬಿಚ್ಚಿ ಕೂಡಿಸುತ್ತಾರೆ, ಪಾರ್ಟ್ಸು ಅಲ್ಲೇ ಸಿಗುತ್ತದೆ. ಕೆಲವು ಗಾಡಿಗಳಿಗೆ ಒಂದು ಕೇಬಲ್ಲು ಬೇಕಾದರೂ ದಾವಣಗೆರೆಯ ಶೋರೂಮಿಗೇ ಬರಬೇಕು.

3. ಕೂತು ನೋಡಿ, ತಳ್ಳಿ ನೋಡಿ

ನನ್ನನ್ನು ಕೇಳಿದರೆ ಇಡೀ ಲೇಖನದಲ್ಲಿ ಇದೊಂದನ್ನು ಮಾಡಿದರೂ ಸಾಕು.

ಶೋರೂಮಿಗೆ ಹೋಗುವಾಗ ದಿನಾ ಹಾಕುವ ಚಪ್ಪಲಿ ಅಥವಾ ಶೂ ಹಾಕಿಕೊಂಡೇ ಹೋಗಿ. ಗಾಡಿಯ ಮೇಲೆ ಕೂತು ಸ್ಟ್ಯಾಂಡು ತೆಗೆದು ನೇರ ಮಾಡಿ. ಎರಡೂ ಪಾದ ಪೂರ್ತಿ ನೆಲಕ್ಕೆ ಊರುತ್ತಾ? ಒಂದು ಪಾದ ಪೂರ್ತಿ, ಇನ್ನೊಂದರ ಮುಂಗಾಲು ಊರಿದರೂ ನಡೆಯುತ್ತದೆ. ಎರಡೂ ಕಡೆ ಬರೀ ಬೆರಳ ತುದಿ ತಾಗಿದರೆ ಬೇಡ. ಹೊಸಬರು ಬೀಳುವುದು ವೇಗದಲ್ಲಿ ಕಡಿಮೆ, ನಿಲ್ಲಿಸುವಾಗಲೇ ಜಾಸ್ತಿ. ಗುಂಡಿ ಸರ್ಕಲ್‌ನಲ್ಲಿ ಮುಂದಿನವರು ಗಕ್ಕನೆ ಬ್ರೇಕು ಹಾಕಿ ನೀವೂ ನಿಂತಾಗ, ಕಾಲಿಟ್ಟ ಕಡೆ ಚಿಕ್ಕ ತಗ್ಗು ಇದ್ದರೆ ಮುಗಿಯಿತು, ಗಾಡಿ ಆ ಕಡೆ ವಾಲಿಬಿಡುತ್ತದೆ.

ಸೀಟಿನ ಎತ್ತರವನ್ನು ಕಂಪನಿಯವರು ಬರೆದಿರುತ್ತಾರೆ. ಸ್ಪ್ಲೆಂಡರ್ ಪ್ಲಸ್ 785 ಮಿಲಿಮೀಟರು, ಶೈನ್ 125 ಸುಮಾರು 791, ರೈಡರ್ 125 ಸುಮಾರು 780. ಕ್ಲಾಸಿಕ್ 350 ಆದರೆ 805, ಡ್ಯೂಕ್ 200 ಆದರೆ 822. ಆದರೆ ಬರೀ ಅಂಕಿ ನಂಬಬೇಡಿ. ಸೀಟು ಅಗಲ ಇದ್ದರೆ ತೊಡೆ ಹರಡಿ ಕಾಲು ಗಿಡ್ಡವಾದ ಹಾಗಾಗುತ್ತದೆ. 790ರ ಅಗಲ ಸೀಟಿಗಿಂತ 805ರ ಸಣ್ಣ ಸೀಟೇ ಕೆಲವರಿಗೆ ಹೊಂದುತ್ತದೆ. ಅದಕ್ಕೇ ಕೂತು ನೋಡಬೇಕು ಅನ್ನೋದು.

ಆಮೇಲೆ ತೂಕ. ಸ್ಪ್ಲೆಂಡರ್ ಪೆಟ್ರೋಲು ತುಂಬಿಕೊಂಡು 112 ಕಿಲೋ ಆಸುಪಾಸು, ಕ್ಲಾಸಿಕ್ 350 ಸುಮಾರು 195 ಕಿಲೋ. ನಡುವಿನ 83 ಕಿಲೋ ಅಂದರೆ ಒಂದೂವರೆ ಚೀಲ ಮೆಕ್ಕೆಜೋಳ. ಓಡುವಾಗ ಆ ಭಾರ ಗೊತ್ತಾಗುವುದಿಲ್ಲ, ಇನ್ನೂ ಗಟ್ಟಿಯಾಗಿ ಕೂತ ಹಾಗೆ ಅನ್ನಿಸುತ್ತದೆ. ಗೊತ್ತಾಗುವುದು ಬೆಣ್ಣೆ ದೋಸೆ ಹೋಟೆಲ್ ಮುಂದೆ ಸಾಲಾಗಿ ನಿಂತ ಗಾಡಿಗಳ ನಡುವಿಂದ ನಿಮ್ಮದನ್ನು ಹಿಂದಕ್ಕೆ ಎಳೆಯುವಾಗ. ಅದರಲ್ಲೂ ರಸ್ತೆ ಸ್ವಲ್ಪ ಮುಂದಕ್ಕೆ ಇಳಿಜಾರಿದ್ದರೆ ದೋಸೆ ತಿಂದ ಶಕ್ತಿ ಅಲ್ಲೇ ಖಾಲಿ.

ಆದ್ದರಿಂದ ಶೋರೂಮಿನ ಹೊರಗೆ ಗಾಡಿ ನಿಲ್ಲಿಸಿಕೊಂಡು, ಇಂಜಿನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿ ಈ ಕೆಲಸಗಳನ್ನು ಮಾಡಿ. ಗಾಡಿಯ ಪಕ್ಕ ನಿಂತು ಹತ್ತು ಹೆಜ್ಜೆ ಮುಂದಕ್ಕೆ ತಳ್ಳಿ. ಮೇಲೆ ಕೂತು ಕಾಲಲ್ಲೇ ಹತ್ತು ಹೆಜ್ಜೆ ಹಿಂದಕ್ಕೆ ಸರಿಸಿ. ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿ, ಬಲಗೈಗೆ ಎಕ್ಸಿಲರೇಟರ್ ಸರಿಯಾಗಿ ಎಟುಕುತ್ತಾ ನೋಡಿ. ಡಬಲ್ ಸ್ಟ್ಯಾಂಡು ಇದ್ದರೆ ಒಬ್ಬರೇ ಹಾಕಿ ನೋಡಿ. ಅದಕ್ಕೆ ಕೈಬಲಕ್ಕಿಂತ ಕಾಲಿನ ಉಪಾಯ ಮುಖ್ಯ: ಸ್ಟ್ಯಾಂಡಿನ ಎರಡೂ ಪಾದ ನೆಲಕ್ಕೆ ತಾಗಿದ್ದು ಗೊತ್ತಾದ ಮೇಲೆ ಮೈಭಾರವನ್ನೆಲ್ಲ ಅದರ ಮೇಲೆ ಬಿಡಬೇಕು, ಹಿಂದಿನ ಹಿಡಿಕೆಯನ್ನು ಸುಮ್ನೆ ದಾರಿ ತೋರಿಸುವಷ್ಟು ಹಿಡಿದರೆ ಸಾಕು. ಇವುಗಳಲ್ಲಿ ಯಾವುದಕ್ಕಾದರೂ ಸೇಲ್ಸ್‌ಮ್ಯಾನ್ ಓಡಿಬಂದು ಗಾಡಿ ಹಿಡಿಯಬೇಕಾಯಿತಾ? ಆ ಮಾದರಿ ಎರಡನೇ ಬೈಕಾಗಲಿ.

"ಅಣ್ಣಾ, ಎಲ್ಲಾ ರೂಢಿ ಆಗುತ್ತೆ ಬಿಡಿ" ಅಂತ ಅವರು ಹೇಳೇ ಹೇಳುತ್ತಾರೆ. ಆಗುತ್ತದೆ ನಿಜ. ಆಗುವವರೆಗೆ ಎರಡು ಇಂಡಿಕೇಟರು, ಒಂದು ಕ್ಲಚ್ ಲಿವರು, ಮೊಣಕಾಲ ಚರ್ಮ ಹೋಗಿರುತ್ತದೆ.

4. ಎಷ್ಟು ಸಿಸಿ?

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಊರೊಳಗಿನ ಓಡಾಟಕ್ಕೆ 100 ಸಿಸಿ ಸಾಕು. ಊರು, ಆಗಾಗ ಹರಿಹರ, ಹಿಂದೆ ತಂಗಿಯೋ ಅಮ್ಮನೋ ಕೂರುತ್ತಾರೆ ಅಂದರೆ 125. ವಾರವಾರ ಹೆದ್ದಾರಿ ಇದೆ, ಸೈಕಲ್ಲು ಮೊಪೆಡ್ಡು ಓಡಿಸಿ ರಸ್ತೆಯ ಅಂದಾಜಿದೆ ಅಂದರೆ 150 ಅಥವಾ 160. ಅದಕ್ಕಿಂತ ಮೇಲಿನದ್ದು ಮೊದಲ ಬೈಕಾಗುವುದು ಬೇಡ.

ಕಾರಣ ಬರೀ ವೇಗ ಅಲ್ಲ. ಸ್ಪ್ಲೆಂಡರ್ ಇಂಜಿನ್ನಿನ ಶಕ್ತಿ ಸುಮಾರು 8 ಎಚ್‌ಪಿ, ಡ್ಯೂಕ್ 200ರದ್ದು ಸುಮಾರು 25. ಹೊಸಬರ ಬಲಗೈ ಗಾಬರಿಯಾದಾಗ ಹಿಡಿಯನ್ನು ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ, ಹಿಡಿಯುವಾಗ ಎಕ್ಸಿಲರೇಟರ್ ತಿರುಗಿಬಿಡುತ್ತದೆ. 8 ಎಚ್‌ಪಿ ಗಾಡಿ ಆಗ ಒಂದು ಸಲ ಗುರ್ ಅಂದು ಎರಡಡಿ ಮುಂದೆ ಹೋಗುತ್ತದೆ. 25 ಎಚ್‌ಪಿ ಗಾಡಿ ಮುಂದಿನ ಆಟೋದೊಳಗೆ ಹೋಗುತ್ತದೆ.

ಯಮಹಾದ ಹಳೇ ಆರ್‌ಎಕ್ಸ್ 100 ಬೈಕೇ ಬೇಕು ಅನ್ನುವವರು ನಮ್ಮೂರಲ್ಲಿ ಇನ್ನೂ ಇದ್ದಾರೆ. ಅದರ ಸದ್ದಿನ ಮೇಲೆ ನನಗೂ ಪ್ರೀತಿ ಇದೆ. ಆದರೆ ಅದು ತಯಾರಾಗುವುದು ನಿಂತಿದ್ದು 1996ರಲ್ಲಿ. ಈಗ ಸಿಗುವ ಒಂದೊಂದು ಗಾಡಿಯೂ ಎಷ್ಟು ಕೈ ದಾಟಿದೆಯೋ, ಒಳಗಿನ ಪಾರ್ಟ್ಸು ಎಲ್ಲಿಯದೋ. ಓಡಿಸಲು ಕಲಿಯಬೇಕಾದ ಸಮಯವೆಲ್ಲ ರಿಪೇರಿಗೆ ಹೋಗುತ್ತದೆ.

5. ಬ್ರೇಕು, ಟೈರು, ಸೀರೆ ಗಾರ್ಡು

2019ರ ಏಪ್ರಿಲ್‌ನಿಂದ 125 ಸಿಸಿಗಿಂತ ಮೇಲಿನ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯ. 125 ಮತ್ತು ಅದರ ಕೆಳಗಿನವುಗಳಿಗೆ ಅದೇ ನಿಯಮದಲ್ಲಿ ಕನಿಷ್ಠ ಸಿಬಿಎಸ್ ಇರಬೇಕು ಅಂತಾಯಿತು. ಸಿಬಿಎಸ್ ಇದ್ದರೆ ಕಾಲಿನ ಬ್ರೇಕು ಒತ್ತಿದಾಗ ಮುಂದಿನ ಬ್ರೇಕು ಕೂಡ ಸ್ವಲ್ಪ ಹಿಡಿಯುತ್ತದೆ. ಎಬಿಎಸ್ ಚಕ್ರ ಪೂರ್ತಿ ಲಾಕ್ ಆಗದಂತೆ ತಡೆಯುತ್ತದೆ. ಸಿಂಗಲ್ ಚಾನೆಲ್ ಅಂದರೆ ಮುಂದಿನ ಚಕ್ರಕ್ಕೆ ಮಾತ್ರ, ಡ್ಯುಯಲ್ ಅಂದರೆ ಎರಡಕ್ಕೂ. ಒಂದೇ ಗಾಡಿಯಲ್ಲಿ ಡ್ರಮ್, ಡಿಸ್ಕ್ ಎರಡೂ ಮಾದರಿ ಇದ್ದರೆ ಮುಂದೆ ಡಿಸ್ಕ್ ಇರುವುದನ್ನೇ ತಗೊಳ್ಳಿ. ಬ್ಲೂಟೂತ್ ಮೀಟರಿಗೆ ಕೊಡುವ ದುಡ್ಡನ್ನು ಇದಕ್ಕೆ ಹಾಕಿ.

ಟೈರು ಟ್ಯೂಬ್‌ಲೆಸ್ ಆಗಿರಲಿ. ಮೊಳೆ ಹೊಕ್ಕರೂ ಗಾಳಿ ನಿಧಾನಕ್ಕೆ ಇಳಿಯುತ್ತದೆ, ಪಂಚರ್ ಅಂಗಡಿಯವರೆಗೆ ಹೋಗುವಷ್ಟು ಸಮಯ ಸಿಗುತ್ತದೆ.

ಗಾಡಿ ಮನೆಗೆ ಬಂದ ವಾರದಲ್ಲೇ ಸೀರೆ ಗಾರ್ಡು ಬಿಚ್ಚಿಸುವ ಹುಡುಗರಿದ್ದಾರೆ, ಚೆಂದ ಕಾಣಲ್ಲ ಅಂತ. ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡಲು ಜಾಗ, ಚಕ್ರಕ್ಕೆ ಅಡ್ಡ ಗಾರ್ಡು ಇರಬೇಕು ಅನ್ನುವುದು ಕಾನೂನು. ಅಮ್ಮನ ಸೆರಗು, ಅಕ್ಕನ ವೇಲು ಚಕ್ರಕ್ಕೆ ಸುತ್ತಿಕೊಂಡರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

6. ದುಡ್ಡಿನ ಲೆಕ್ಕ

ಬೋರ್ಡಿನ ಮೇಲೆ ಬರೆದ ಎಕ್ಸ್ ಶೋರೂಂ ರೇಟು ನೀವು ಕೊಡುವ ರೇಟಲ್ಲ. ಅದಕ್ಕೆ ಲೈಫ್ ಟ್ಯಾಕ್ಸು, ನೋಂದಣಿ, ವಿಮೆ ಸೇರುತ್ತವೆ. ಹೊಸ ಬೈಕಿಗೆ 5 ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದು ಎದುರಿನವರಿಗೆ ಆದ ನಷ್ಟಕ್ಕೆ ಮಾತ್ರ. ನಿಮ್ಮ ಗಾಡಿ ಕಳುವಾದರೆ, ಜಖಂ ಆದರೆ ಅದರಿಂದ ಪೈಸೆ ಬರಲ್ಲ, ಅದಕ್ಕೆ ಬೇರೆ ವಿಮೆ ಬೇಕು. ಆನ್ ರೋಡ್ ಕೊಟೇಶನ್ ಬರವಣಿಗೆಯಲ್ಲಿ ತಗೊಂಡು ಒಂದೊಂದು ಸಾಲೂ ಓದಿ. "ಹ್ಯಾಂಡ್ಲಿಂಗ್", "ಎಸೆನ್ಷಿಯಲ್ ಕಿಟ್" ಅಂತ ಇದ್ದರೆ ಅದು ಏನು ಅಂತ ಕೇಳಿ. ಸೀಟು ಕವರು, ಕ್ರ್ಯಾಶ್ ಗಾರ್ಡು ಹೊರಗೆ ಬೇಕಾದ ಹಾಗೆ ಹಾಕಿಸಿಕೊಳ್ಳಬಹುದು. ಹಾಗೇ 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ 28ರಿಂದ ಶೇಕಡಾ 18ಕ್ಕೆ ಇಳಿದಿದೆ. ಯಾರಾದರೂ ಹಳೇ ರೇಟಿನ ಪಟ್ಟಿ ತೋರಿಸಿದರೆ ಹೊಸದನ್ನು ಕೇಳಿ.

ಕಂತಿನಲ್ಲಿ ತಗೊಳ್ಳುವವರು ಬಡ್ಡಿ "ಫ್ಲ್ಯಾಟಾ, ರೆಡ್ಯೂಸಿಂಗಾ" ಅಂತ ಕೇಳಲೇಬೇಕು. 80,000 ರೂಪಾಯಿ ಸಾಲ, 3 ವರ್ಷ, ಶೇಕಡಾ 10 ಅಂತ ಇಟ್ಟುಕೊಳ್ಳಿ. ಫ್ಲ್ಯಾಟ್ ಆದರೆ, ಅಂದರೆ ಕೊನೆಯವರೆಗೂ ಪೂರ್ತಿ 80,000ಕ್ಕೇ ಬಡ್ಡಿ ಹಾಕಿದರೆ, ಬಡ್ಡಿ 24,000, ಕಂತು ಸುಮಾರು 2,890. ಅದೇ ಶೇಕಡಾ 10 ರೆಡ್ಯೂಸಿಂಗ್ ಆದರೆ, ಅಂದರೆ ಉಳಿದ ಸಾಲಕ್ಕೆ ಮಾತ್ರ ಬಡ್ಡಿ ಹಾಕಿದರೆ, ಒಟ್ಟು ಬಡ್ಡಿ ಸುಮಾರು 13,000, ಕಂತು ಸುಮಾರು 2,580. ಫ್ಲ್ಯಾಟ್ 10 ಅಂದರೆ ನಿಜಕ್ಕೂ ಶೇಕಡಾ 18ರ ಹತ್ತಿರದ ಬಡ್ಡಿ. ಬಾಯಲ್ಲಿ ಹೇಳುವಾಗ ಎರಡೂ "ಹತ್ತು ಪರ್ಸೆಂಟು" ಅಂತಲೇ ಕೇಳಿಸುತ್ತದೆ.

ಪೆಟ್ರೋಲು ಹೀಗೆ: ದಿನಕ್ಕೆ 30 ಕಿಲೋಮೀಟರು, ತಿಂಗಳಿಗೆ 25 ದಿನ, ಒಟ್ಟು 750. ಲೀಟರಿಗೆ 60 ಕೊಡುವ ಗಾಡಿಗೆ ಹನ್ನೆರಡೂವರೆ ಲೀಟರು, 35 ಕೊಡುವುದಕ್ಕೆ ಇಪ್ಪತ್ತೊಂದೂವರೆ. ಲೀಟರು 100 ರೂಪಾಯಿ ಅಂತ ಹಿಡಿದರೂ ತಿಂಗಳಿಗೆ 900 ರೂಪಾಯಿ ಜಾಸ್ತಿ. ಓದುವ ಹುಡುಗನಿಗೆ ಅದು ಚಿಕ್ಕ ಮೊತ್ತವಲ್ಲ.

7. ಹಳೆ ಗಾಡಿ ತಗೊಳ್ಳುವುದಾದರೆ

ಕಲಿಯುವವರಿಗೆ ಸೆಕೆಂಡ್ ಹ್ಯಾಂಡ್ ಒಳ್ಳೆಯ ಆಯ್ಕೆ. ಒಮ್ಮೆ ಬಿದ್ದರೂ ಹೊಟ್ಟೆ ಉರಿಯುವುದಿಲ್ಲ. ಆದರೆ ನೋಡಿ ತಗೊಳ್ಳಬೇಕು.

ಹೋಗುವ ಮೊದಲೇ ಫೋನಿನಲ್ಲಿ ಹೇಳಿಬಿಡಿ: "ಅಣ್ಣಾ, ನಾವು ಬರೋವರೆಗೂ ಗಾಡಿ ಸ್ಟಾರ್ಟ್ ಮಾಡಬೇಡಿ." ಹೋದ ತಕ್ಷಣ ಇಂಜಿನ್ ಹತ್ತಿರ ಕೈ ಹಿಡಿದು ನೋಡಿ. ಬಿಸಿ ಇದ್ದರೆ ತಣ್ಣಗಿದ್ದಾಗ ಸ್ಟಾರ್ಟ್ ಆಗಲು ಅದು ತಕರಾರು ಮಾಡುತ್ತದೆ ಅಂತ ಅನುಮಾನ ಪಡಬಹುದು. ಸ್ಟಾರ್ಟ್ ಮಾಡಿ ಹೊಗೆ ನೋಡಿ. ನೀಲಿ ಬಣ್ಣದ ಹೊಗೆ ನಿಲ್ಲದೆ ಬರುತ್ತಿದ್ದರೆ ಆಯಿಲ್ ಉರಿಯುತ್ತಿದೆ, ಇಂಜಿನ್ ಕೆಲಸ ದೊಡ್ಡದು.

ಮುಂದಿನ ಶಾಕಪ್ಪಿನ ಕೊಳವೆಗಳ ಮೇಲೆ ಬೆರಳಾಡಿಸಿ. ಎಣ್ಣೆ ಜಿಡ್ಡಿದ್ದರೆ ಆಯಿಲ್ ಸೀಲು ಹೋಗಿದೆ. ಡಬಲ್ ಸ್ಟ್ಯಾಂಡ್ ಹಾಕಿ, ಹಿಂದೆ ಒಬ್ಬರು ಒತ್ತಿ ಹಿಡಿದು ಮುಂದಿನ ಚಕ್ರ ಎತ್ತಿಸಿ, ಹ್ಯಾಂಡಲನ್ನು ಒಂದೇ ಬೆರಳಲ್ಲಿ ನಿಧಾನ ಆ ಕಡೆ ಈ ಕಡೆ ತಿರುಗಿಸಿ. ನಟ್ಟನಡುವೆ ಸಣ್ಣ ಗುಂಡಿಗೆ ಬಿದ್ದ ಹಾಗೆ ಕಚ್ಚಿದರೆ ಕೋನ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗು ಹೋಗಿದೆ. ಹಿಂದಿನ ಸ್ಪ್ರಾಕೆಟ್ (ಚೈನು ಕೂರುವ ಹಲ್ಲಿನ ಚಕ್ರ) ಮೇಲಿನ ಚೈನನ್ನು ಹಿಂದಕ್ಕೆ ಎಳೆಯಿರಿ. ಹಲ್ಲಿನಿಂದ ಎದ್ದು ಬಂದರೆ ಚೈನ್ ಸೆಟ್ಟೇ ಹಾಕಿಸಬೇಕು. ಇವೆಲ್ಲ ಗಾಡಿಯನ್ನು ಬೇಡ ಅನ್ನುವ ಕಾರಣಗಳಲ್ಲ, ರೇಟು ಇಳಿಸುವ ಕಾರಣಗಳು.

ಮೀಟರು 18,000 ಕಿಲೋಮೀಟರು ತೋರಿಸುತ್ತಾ ಇದೆ, ಆದರೆ ಬ್ರೇಕ್ ಪೆಡಲ್ಲು ತಿಕ್ಕಿ ತಿಕ್ಕಿ ಹೊಳೆಯುತ್ತಿದೆ, ಫುಟ್‌ರೆಸ್ಟ್ ರಬ್ಬರು ಸವೆದು ಬೋಳಾಗಿದೆ ಅಂದರೆ ಪೆಡಲ್ಲನ್ನು ನಂಬಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2321 ಅಂದರೆ 2021ರ 23ನೇ ವಾರ ತಯಾರಾದ ಟೈರು.

ಇನ್ನು ಕಾಗದಪತ್ರ. ಹ್ಯಾಂಡಲ್ ಕೆಳಗೆ ಫ್ರೇಮಿನ ಮೇಲೆ ಕೆತ್ತಿದ ಚಾಸಿ ನಂಬರು ಆರ್‌ಸಿಯಲ್ಲಿ (ಗಾಡಿಯ ನೋಂದಣಿ ಪತ್ರ) ಇರುವುದಕ್ಕೆ ಅಕ್ಷರಕ್ಕಕ್ಷರ ಹೊಂದಬೇಕು. ಉಜ್ಜಿದ ಗುರುತು ಕಂಡರೆ ಎದ್ದು ಬನ್ನಿ, ಎಷ್ಟೇ ಅಗ್ಗ ಇರಲಿ. ಆರ್‌ಸಿಯಲ್ಲಿ ಬ್ಯಾಂಕು, ಫೈನಾನ್ಸಿನ ಹೆಸರು ಇದ್ದರೆ ಸಾಲ ತೀರಿದ ಪತ್ರ ಮತ್ತು ಆ ಹೆಸರು ತೆಗೆಸುವ ಫಾರಂ 35 ಬೇಕು. ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಕೊಂಡವರು 30 ದಿನದೊಳಗೆ ಅರ್ಜಿ ಹಾಕಬೇಕು, ವಿಮೆಯ ಹೆಸರು ಬದಲಿಸಲು 14 ದಿನದೊಳಗೆ. ಬಾಕಿ ದಂಡ ಎಷ್ಟಿದೆ ಅಂತ ಆನ್‌ಲೈನಿನಲ್ಲಿ ಇ-ಚಲನ್ ನೋಡಿಕೊಳ್ಳಿ. ಗಾಡಿ ಕೆಎ 17 ಇರಲಿ, ದುರ್ಗದ ಕೆಎ 16 ಇರಲಿ, "ಆಮೇಲೆ ಮಾಡಿಸೋಣ ಬಿಡಪ್ಪಾ" ಅನ್ನುವವರ ಹತ್ತಿರ ಪೂರ್ತಿ ದುಡ್ಡು ಕೊಟ್ಟು ಬರಬೇಡಿ.

8. ಹೆಲ್ಮೆಟ್ಟು

ಬೈಕಿನ ಬಜೆಟ್ಟಿನೊಳಗೇ ಇದನ್ನು ಸೇರಿಸಿ, ಎರಡು ಹೆಲ್ಮೆಟ್ಟಿಗೆ. ಐಎಸ್‌ಐ ಗುರುತು, ಐಎಸ್ 4151 ನಂಬರು ಇರಲಿ. ಮುಖ ಪೂರ್ತಿ ಮುಚ್ಚುವಂಥದ್ದು ಇರಲಿ. ಹಾಕಿಕೊಂಡು ತಲೆ ಅಲ್ಲಾಡಿಸಿದಾಗ ಹೆಲ್ಮೆಟ್ಟು ತಲೆಯ ಜೊತೆಗೇ ತಿರುಗಬೇಕು. ಬೆಲ್ಟು ಹಾಕದೆ ಓಡಿಸುವುದು ಹೆಲ್ಮೆಟ್ಟು ಮನೆಯಲ್ಲಿ ಬಿಟ್ಟು ಬಂದಿದ್ದಕ್ಕೆ ಸಮ.

9. ಮೊದಲ ಒಂದೆರಡು ತಿಂಗಳು

ಕಲಿಯಲು ಕುಂದವಾಡ ಕೆರೆ ಕಡೆ ಬೆಳಗ್ಗೆ ಹೋಗಬೇಡಿ, ಅಲ್ಲಿ ವಾಕಿಂಗ್ ಮಾಡುವವರಿರುತ್ತಾರೆ. ಊರ ಸುತ್ತ ರಸ್ತೆ ಹಾಕಿ ಮನೆ ಏಳದ ಲೇಔಟುಗಳಿವೆ, ಅಲ್ಲಿಗೆ ಹೋಗಿ. ಕ್ಲಚ್ಚು ಬಿಡುವುದು, ಎಂಟು ಹಾಕುವುದು, ಏರಿನಲ್ಲಿ ನಿಲ್ಲಿಸಿ ಹಿಂದೆ ಜಾರದೆ ಹೊರಡುವುದು, 30ರ ವೇಗದಲ್ಲಿ ಎರಡೂ ಬ್ರೇಕು ಒಟ್ಟಿಗೆ ಹದವಾಗಿ ಒತ್ತಿ ನಿಲ್ಲಿಸುವುದು. ಮುಂದಿನ ಬ್ರೇಕು ಹಿಡಿದರೆ ಪಲ್ಟಿ ಹೊಡೀತೀವಿ ಅಂತ ಹೆದರಿ ಬರೀ ಕಾಲಿನ ಬ್ರೇಕೇ ರೂಢಿ ಮಾಡಿಕೊಂಡವರು ಬಹಳ ಜನ. ಬ್ರೇಕು ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ಬರುತ್ತದೆ, ಹಿಡಿತ ಸಿಗುವುದೂ ಮುಂದಿನ ಚಕ್ರಕ್ಕೇ. ಗಕ್ಕನೆ ಹಿಂಡಬಾರದು, ಅಷ್ಟೇ.

ಹೊಸ ಗಾಡಿಯಾದರೆ ಮೊದಲ ಸರ್ವೀಸ್ ಆಗುವವರೆಗೆ ಪೂರ್ತಿ ಎಕ್ಸಿಲರೇಟರ್ ಕೊಡಬೇಡಿ. ಸಾಮಾನ್ಯವಾಗಿ 500ರಿಂದ 1,000 ಕಿಲೋಮೀಟರಿನೊಳಗೆ ಆ ಸರ್ವೀಸ್ ಬರುತ್ತದೆ, ನಿಮ್ಮ ಗಾಡಿಯದ್ದು ಪುಸ್ತಕದಲ್ಲಿ ಇರುತ್ತದೆ.

ಹಳ್ಳಿ ರಸ್ತೆಗೆ ಇಳಿದಾಗ ನಮ್ಮ ಜಿಲ್ಲೆಗೇ ಸೇರಿದ ಕೆಲವು ಅಪಾಯಗಳಿವೆ. ಸುಗ್ಗಿಯಲ್ಲಿ ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಒಣಹಾಕಿರುತ್ತಾರೆ. ಕಾಳಿನ ಮೇಲೆ ಚಕ್ರ ಹೋದರೆ ಗಾಡಿ ಉರುಳುಗಲ್ಲಿನ ಮೇಲೆ ನಿಂತಂತೆಯೇ, ಅಲ್ಲಿ ಬ್ರೇಕೂ ಬೇಡ, ತಿರುವೂ ಬೇಡ. ಮೊದಲೇ ವೇಗ ಇಳಿಸಿ ನೇರ ದಾಟಿ. ಕಾಳು ಎತ್ತಿಕೊಂಡು ಹೋದ ಮೇಲೂ ಅಂಚಿಗೆ ಇಟ್ಟ ಕಲ್ಲುಗಳು ಎಷ್ಟೋ ಸಲ ರಸ್ತೆಯಲ್ಲೇ ಉಳಿದಿರುತ್ತವೆ, ರಾತ್ರಿ ಕಾಣುವುದಿಲ್ಲ. ಎರೆಹೊಲದಿಂದ ಟ್ರ್ಯಾಕ್ಟರು ಹತ್ತಿದ ಜಾಗದಲ್ಲಿ ಮಳೆ ಬಂದಾಗ ಮಣ್ಣು ಬೆಣ್ಣೆಯಂತಾಗಿರುತ್ತದೆ. ಹಿಂದೆ ಲೈಟಿಲ್ಲದ ಟ್ರೈಲರು ಯಾವಾಗ ಬೇಕಾದರೂ ಎದುರಾಗಬಹುದು. ಕತ್ತಲಲ್ಲಿ ನಿಮ್ಮ ಹೆಡ್‌ಲೈಟು ತೋರಿಸುವಷ್ಟು ದೂರದಲ್ಲಿ ನಿಲ್ಲಿಸಲು ಆಗುವ ವೇಗವೇ ಸರಿಯಾದ ವೇಗ.

ದುರ್ಗದ ಹೆದ್ದಾರಿಗೆ ಮೊದಲ ಸಲ ಹೋಗುವಾಗ ಬೆಳಗ್ಗೆ ಹೊರಡಿ. ಆ ಕಡೆ ಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ಹಾಕಿಲ್ಲ. ಮುಂಗಾರಿನ ತಿಂಗಳುಗಳಲ್ಲಿ ಅಡ್ಡಗಾಳಿ ಜೋರಿರುತ್ತದೆ, ನೂರು ಕಿಲೋ ಗಾಡಿಯನ್ನು ಪಕ್ಕಕ್ಕೆ ತಳ್ಳುತ್ತದೆ. ದೊಡ್ಡ ಲಾರಿ ಪಕ್ಕಕ್ಕೆ ಬಂದಾಗ ಗಾಳಿ ಒಮ್ಮೆ ನಿಂತು, ಅದು ದಾಟಿದ ಕೂಡಲೇ ಮತ್ತೆ ಬಡಿಯುತ್ತದೆ. ಆಗ ಹ್ಯಾಂಡಲ್ ಬಿಗಿ ಹಿಡಿಯಬೇಡಿ. ಮೊಣಕಾಲಲ್ಲಿ ಟ್ಯಾಂಕ್ ಒತ್ತಿ ಹಿಡಿದು, ತೋಳು ಸಡಿಲ ಬಿಟ್ಟು, 60ರ ಆಸುಪಾಸಿನಲ್ಲಿ ಎಡ ಲೇನಿನ ನಡುವೆಯೇ ಹೋಗಿ. ಕೈ ಜೋಮು ಹಿಡಿದರೆ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಒಂದು ಟೀ ಕುಡಿಯಿರಿ, ಚೈನೂ ಒಮ್ಮೆ ನೋಡಿಕೊಳ್ಳಿ.